ತಾತನ ಇಂಕ್ ಪೆನ್ನು ಸಿಕ್ಕಿದ್ಯಾ? ಬಿಸಿನೀರಿಗೆ ಹಾಕೋಕೆ ಮುಂಚೆ ಇದನ್ನ ಓದ್ಕೊಳ್ಳಿ

ವಾರಕ್ಕೊಬ್ರಾದ್ರೂ ಕೇಳ್ತಾನೇ ಇರ್ತಾರೆ. ಮನೆಗೆ ಸುಣ್ಣಬಣ್ಣ ಮಾಡ್ಸೋವಾಗ ಅಟ್ಟದ ಟ್ರಂಕಲ್ಲಿ ತಾತನ ಪೆನ್ನು ಸಿಕ್ತು, ತಾತ ಮೇಷ್ಟ್ರಾಗಿದ್ರು, ಇಂಕ್ ಹಾಕಿದ್ರೆ ಬರೀತಿಲ್ಲ ಅಂತ ಒಬ್ರು. ಬರೆಯುತ್ತೆ ಆದ್ರೆ ಕಕ್ಕುತ್ತೆ ಅಂತ ಇನ್ನೊಬ್ರು. ಕ್ಯಾಪೇ ಬಿಚ್ತಿಲ್ಲ ಅಂತ ಮತ್ತೊಬ್ರು. ಒಬ್ಬೊಬ್ರಿಗೇ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ. ನಾನೇನು ಅಂಗಡಿ ಇಟ್ಕೊಂಡೋನಲ್ಲ, ತುಮಕೂರಲ್ಲಿ ಮನೆ ಟೇಬಲ್ ಮೇಲೆ ಭಾನುವಾರ ಮಾಡ್ಕೊಳ್ಳೋನು, ಹಾಗಾಗಿ ಇಲ್ಲಿ ಇರೋದೆಲ್ಲ ಮನೇಲೇ ಆಗೋ ಕೆಲ್ಸ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ನನ್ನ ಕೈಗೆ ಬಂದಿರೋ ಹಳೇ ಪೆನ್ನುಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ರಿಪೇರಿನೇ ಬೇಕಿರ್ಲಿಲ್ಲ, ತೊಳೆದಿದ್ದಕ್ಕೇ ಸರಿ ಹೋದ್ವು. ಪೂರ್ತಿ ಹಾಳಾಗಿದ್ದವು ಹಳೇದಾಗಿ ಹಾಳಾಗಿದ್ದಲ್ಲ, ಸಿಕ್ಕಿದ ದಿನಾನೇ ಯಾರೋ ಆತುರಕ್ಕೆ ಬಿದ್ದು ಕಟಿಂಗ್ ಪ್ಲೇಯರ್ ಹಾಕಿ ತಿರುಗ್ಸಿ ಹಾಳು ಮಾಡಿದ್ದು. ನಲವತ್ತು ವರ್ಷ ಸುಮ್ನೆ ಕೂತಿದ್ದ ಪೆನ್ನು ಇನ್ನೊಂದು ಎರಡು ದಿನ ನೀರಲ್ಲಿ ಕೂತ್ರೆ ಏನೂ ಆಗಲ್ಲ ಕಣ್ರೀ.

ಇವನ್ನ ಮಾತ್ರ ಮಾಡ್ಬೇಡಿ

ಕುದಿಯೋ ನೀರು, ಪ್ಲೇಯರ್, ಸ್ಪಿರಿಟ್, ಪೆಟ್ರೋಲ್, ನೈಲ್ ಪಾಲಿಶ್ ರಿಮೂವರ್, ಫೆವಿಕ್ವಿಕ್. ಈ ಆರೂ ಪೆನ್ನಿನ ಹತ್ರ ಸುಳೀಬಾರ್ದು. ಸ್ಯಾನಿಟೈಜರ್ ಕೂಡ ಸ್ಪಿರಿಟ್ಟೇ, ಅದರಲ್ಲೂ ಒರೆಸ್ಬೇಡಿ. ಹಲ್ಲಲ್ಲಿ ಕಚ್ಚಿ ಕ್ಯಾಪ್ ಬಿಚ್ಚೋರೂ ಇದಾರೆ, ಅವರಿಗೆ ಏನು ಹೇಳೋದೋ ಗೊತ್ತಿಲ್ಲ.

ಹಂತ 1: ಯಾವ ಪೆನ್ನು, ಯಾವುದರಲ್ಲಿ ಮಾಡಿದ್ದು ಅಂತ ಗೊತ್ತು ಮಾಡ್ಕೊಳ್ಳಿ

ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ, ಯಾಕಂದ್ರೆ ಒಂದು ಪೆನ್ನಿಗೆ ಔಷಧಿ ಆಗೋದು ಇನ್ನೊಂದಕ್ಕೆ ವಿಷ.

ನಮ್ಮ ಕಡೆ ಮನೆಗಳಲ್ಲಿ ಜಾಸ್ತಿ ಸಿಗೋದು ಎಬೊನೈಟ್ ಪೆನ್ನು. ಎಬೊನೈಟ್ ಅಂದ್ರೆ ಗಂಧಕ ಸೇರ್ಸಿ ಗಟ್ಟಿ ಮಾಡಿದ ರಬ್ಬರ್. ರಾಜಮಂಡ್ರಿ ಕಡೆಯಿಂದ ಬರ್ತಿದ್ದ ದಪ್ಪ ಕಪ್ಪು ಪೆನ್ನುಗಳು ಬಹಳಷ್ಟು ಇದರವೇ, ಅಲ್ಲಿ 1930ರ ದಶಕದಿಂದ ಇವನ್ನ ಕೈಯಲ್ಲೇ ಕಡೆದು ಮಾಡ್ತಾ ಬಂದಿದಾರೆ. ಹೆಬ್ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿ ನೋಡಿ, ಸುಟ್ಟ ರಬ್ಬರ್ ಥರ, ಗಂಧಕದ ಥರ ವಾಸನೆ ಬಂದ್ರೆ ಎಬೊನೈಟ್. ಬಿಸಿಲಿಗೆ ಬಿದ್ದು ಬಿದ್ದು ಕಪ್ಪು ಹೋಗಿ ಹಸಿರು ಮಿಶ್ರಿತ ಕಂದು ಬಣ್ಣ ಬಂದಿದ್ರೂ ಅದೇ.

ಉಜ್ಜಿದಾಗ ಕರ್ಪೂರದ ವಾಸನೆ ಬಂದ್ರೆ ಸೆಲ್ಯುಲಾಯ್ಡ್, ಅಂದ್ರೆ ಹಳೇ ಕಾಲದ ಪ್ಲಾಸ್ಟಿಕ್. ಮಾರ್ಬಲ್ ಥರ, ಮುತ್ತಿನ ಥರ ಗೆರೆ ಗೆರೆ ಇರೋ ಹಳೇ ಬಣ್ಣದ ಪೆನ್ನುಗಳು ಸಾಮಾನ್ಯವಾಗಿ ಇವು. ಕರ್ಪೂರ ಸೇರ್ಸೇ ಇದನ್ನ ತಯಾರಿಸೋದು, ಮತ್ತೆ ಕರ್ಪೂರದ ಥರಾನೇ ಬೆಂಕಿ ಕಂಡ್ರೆ ಧಗ್ ಅಂತ ಹತ್ಕೊಳ್ಳುತ್ತೆ, ನೆನಪಿರ್ಲಿ.

ಅಪರೂಪಕ್ಕೆ ಕೇಸಿನ್ ಪೆನ್ನು ಸಿಗುತ್ತೆ, ಇಂಗ್ಲೆಂಡಿನ ಕಾನ್ವೇ ಸ್ಟೂವರ್ಟ್ ಕಂಪ್ನಿಯವರು ಇದರಲ್ಲಿ ತುಂಬಾ ಮಾಡಿದ್ರು. ಇದು ಹಾಲಿನ ಪ್ರೋಟೀನಿಂದ ಮಾಡಿದ ಪ್ಲಾಸ್ಟಿಕ್, ನೀರಲ್ಲಿ ನೆನೆಸಿದ್ರೆ ಊದ್ಕೊಂಡು ಬಿರುಕು ಬಿಡುತ್ತೆ. ಡೌಟ್ ಇದ್ರೆ ಪೆನ್ನಿನ ಮೈಯನ್ನ ನೀರಿಗೆ ಹಾಕ್ಲೇಬೇಡಿ, ಒದ್ದೆ ಬಟ್ಟೇಲಿ ಒರೆಸಿ ಸಾಕು.

ಇನ್ನು ಪಾರ್ಕರ್ 51, ಅದರ ಥರಾನೇ ಕಾಣೋ ಚೀನಾದ ಹೀರೋ ಪೆನ್ನು, ಇವೆಲ್ಲ ಗಟ್ಟಿ ಪ್ಲಾಸ್ಟಿಕ್. ಸ್ವಲ್ಪ ಒರಟಾಗಿ ಹಿಡಿದ್ರೂ ತಡ್ಕೊಳ್ತವೆ.

ಆಮೇಲೆ ಇಂಕ್ ತುಂಬೋದು ಹೇಗೆ ಅಂತ ನೋಡಿ. ಮೈ ಬಿಚ್ಚಿ ನೇರವಾಗಿ ಫಿಲ್ಲರಿಂದ ಇಂಕ್ ಹನಿಸೋದಾದ್ರೆ ಐಡ್ರಾಪರ್, ನಮ್ಮ ಸ್ಕೂಲ್ ಪೆನ್ನುಗಳೆಲ್ಲ ಇದೇ ಜಾತಿ. ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ ಎತ್ತೋ ಹಾಗಿದ್ರೆ ಲಿವರ್ ಫಿಲ್ಲರ್, ಒಳಗೆ ರಬ್ಬರ್ ಚೀಲ ಇರುತ್ತೆ, ಕಡ್ಡಿ ಎತ್ತಿದ್ರೆ ಚೀಲ ಅಮುಕಿಕೊಂಡು, ಬಿಟ್ಟಾಗ ಇಂಕ್ ಎಳ್ಕೊಳ್ಳುತ್ತೆ. ಹಿಂದೆ ಮುಚ್ಚಳ ಬಿಚ್ಚಿದ್ರೆ ಗುಂಡಿ ಇದ್ಯಾ? ಅದು ಬಟನ್ ಫಿಲ್ಲರ್, ಅದರಲ್ಲೂ ಚೀಲಾನೇ. ಮೈ ಬಿಚ್ಚಿದಾಗ ಲೋಹದ ಕವಚ, ಅದರ ಮಧ್ಯೆ ಒತ್ತೋ ಪಟ್ಟಿ ಇದ್ರೆ ಏರೋಮೆಟ್ರಿಕ್. ಹಿಂಬದಿ ತಿರುಗಿಸಿದ್ರೆ ಒಳಗೆ ಬಿರಡೆ ಮೇಲೆ ಕೆಳಗೆ ಹೋಗೋದಾದ್ರೆ ಪಿಸ್ಟನ್.

ಹಂತ 2: ಸಾಮಾನು

ಮಕ್ಕಳ ಮೂಗು ಕ್ಲೀನ್ ಮಾಡೋ ರಬ್ಬರ್ ಬಲ್ಬು (ಮೆಡಿಕಲ್ ಶಾಪಲ್ಲಿ ಸಿಗುತ್ತೆ), ಮೆತ್ತನೆ ಹಳೇ ಟೂತ್ ಬ್ರಶ್ಶು, ಟಿಶ್ಯೂ, ಹೇರ್ ಡ್ರೈಯರ್, ಒಂದು ಗಾಜಿನ ಲೋಟ. ಹಿಡ್ಕೊಳ್ಳೋಕೆ ಪ್ಲೇಯರ್ ಬದ್ಲು ಹಳೇ ಸೈಕಲ್ ಟ್ಯೂಬಿನ ಎರಡು ತುಂಡು, ಪಂಚರ್ ಅಂಗಡೀಲಿ ಕೇಳಿದ್ರೆ ಸುಮ್ನೆ ಕೊಡ್ತಾರೆ, ಇದಕ್ಕಿಂತ ಒಳ್ಳೇ ಟೂಲ್ ನಾನು ನೋಡಿಲ್ಲ.

ಒಂದು ಲೂಪ್ ಬೇಕೇ ಬೇಕು, ಅಂದ್ರೆ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸ್ಕೊಳ್ಳೋ ಭೂತಗನ್ನಡಿ, 10 ಪಟ್ಟು ದೊಡ್ಡದಾಗಿ ತೋರ್ಸೋದು. ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇದ್ದ ಊರು ನಮ್ದು, ಹಳೇ ವಾಚ್ ರಿಪೇರಿ ಅಂಗಡಿಯವ್ರನ್ನ ಕೇಳಿ, ಎಲ್ಲಿ ಸಿಗುತ್ತೆ ಅಂತ ಅವರಿಗೆ ಗೊತ್ತಿರುತ್ತೆ.

ಚೀಲದ ಪೆನ್ನಾದ್ರೆ ಹೊಸ ಚೀಲ (ಸ್ಯಾಕ್ ಅಂತ ಆನ್‌ಲೈನಲ್ಲಿ ಹುಡುಕಿ), ಶೆಲ್ಲಾಕ್. ಐಡ್ರಾಪರ್ ಆದ್ರೆ ಸಿಲಿಕೋನ್ ಗ್ರೀಸ್. ಶೆಲ್ಲಾಕ್ ಅಂದ್ರೆ ಬೇರೇನಲ್ಲ, ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡ್ಸೋದೂ ಅರಗಿಂದಾನೇ. ಬಡಗಿಗಳು ಮರಕ್ಕೆ ಪಾಲಿಶ್ ಹೊಡೆಯೋಕೆ ತರೋ ಚಕ್ಕೇನ ಸ್ವಲ್ಪ ಸ್ಪಿರಿಟ್ಟಲ್ಲಿ ಕರಗ್ಸಿ ಜೇನುತುಪ್ಪದಷ್ಟು ಮಂದ ಮಾಡ್ಕೊಂಡ್ರೆ ಆಯ್ತು. ಸ್ಪಿರಿಟ್ ಬೇಡ ಅಂದ್ನಲ್ಲ, ಹೌದು, ಪೆನ್ನಿಗೆ ಹಚ್ಚೋಕೆ ಬೇಡ, ಅರಗು ಕರಗ್ಸೋಕೆ ಬೇಕು.

ನೀರಿನ ವಿಷ್ಯ ಸ್ವಲ್ಪ ಜಾಸ್ತಿ ಹೇಳ್ಬೇಕು. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಗೀಸರ್ ಕಾಯಿಲ್ ಬಿಚ್ಚಿ ನೋಡಿದೋರಿಗೆ ಗೊತ್ತು. ಅದೇ ಬಿಳೀ ಸುಣ್ಣ ಪೆನ್ನಿನ ಒಳಗಿನ ಕೂದಲೆಳೆ ಕಾಲುವೇಲೂ ಕೂರುತ್ತೆ. ತೊಳೆದ ಮೇಲೂ ಇಂಕ್ ಸರಿಯಾಗಿ ಇಳೀತಿಲ್ಲ ಅಂತ ಬೇಜಾರು ಮಾಡ್ಕೊಳ್ಳೋರು ಯಾವ ನೀರಲ್ಲಿ ತೊಳೆದ್ರಿ ಅಂತ ಒಂದು ಸಲ ಯೋಚ್ನೆ ಮಾಡಿ. ಮೊದಲ ಎರಡು ಮೂರು ಸಲ ನಲ್ಲಿ ನೀರು ನಡೆಯುತ್ತೆ, ಕೊನೇ ತೊಳೆಯೋದು ಮಾತ್ರ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರಲ್ಲೋ, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಲ್ಲೋ ಮಾಡಿ. ಬ್ಯಾಟರಿ ನೀರು ಅಂತ ಬಾಯಿಬಿಟ್ಟು ಹೇಳಿ, ಅದೇ ಅಂಗಡೀಲಿ ಆಸಿಡ್ಡೂ ಇಟ್ಟಿರ್ತಾರೆ, ಲೇಬಲ್ ಓದದೆ ತಗೋಬೇಡಿ.

ಹಂತ 3: ತೊಳೆಯೋದು

ಲೋಟದ ತಳಕ್ಕೆ ಟಿಶ್ಯೂ ಮಡಚಿ ಹಾಕಿ, ಒಂದು ಇಂಚು ತಣ್ಣೀರು ಹುಯ್ದು, ನಿಬ್ ಕೆಳಗೆ ಮಾಡಿ ನಿಲ್ಸಿ. ನಿಬ್ಬು, ಅದರ ಕೆಳಗಿರೋ ನಾಲಿಗೆ (ಫೀಡ್ ಅನ್ನೋದು ಇದನ್ನೇ, ಇಂಕು ನಿಬ್ಬಿಗೆ ಇಳಿಯೋ ಕಾಲುವೆ ಇರೋದು ಇದರಲ್ಲಿ), ಇವೆರಡೂ ಮುಳುಗಿದ್ರೆ ಸಾಕು, ಪೂರ್ತಿ ಪೆನ್ನು ಮುಳುಗಿಸ್ಬೇಡಿ.

ಆಮೇಲೆ ಅಲ್ಲಾಡಿಸ್ದೆ ನೋಡ್ತಾ ಕೂತ್ಕೊಳ್ಳಿ. ಒಂದೆರಡು ನಿಮಿಷಕ್ಕೆ ನಿಬ್ಬಿನ ಸೀಳಿಂದ ನೀಲಿ ದಾರದ ಥರ ಇಂಕು ಕೆಳಗಿಳಿಯೋಕೆ ಶುರುವಾಗುತ್ತೆ, ತಳ ಮುಟ್ಟಿ ಹೊಗೆ ಥರ ಹರಡ್ಕೊಳ್ಳುತ್ತೆ. ಎಷ್ಟೋ ವರ್ಷದ ಹಿಂದೆ ಒಣಗಿದ ಇಂಕು ಅದು. ಕೆಲವು ಪೆನ್ನಲ್ಲಿ ಮೊದ್ಲು ನೀಲಿ, ಆಮೇಲೆ ಕೆಂಪು ಬರುತ್ತೆ, ಮೇಷ್ಟ್ರ ಪೆನ್ನು ಅಂತ ಅಲ್ಲೇ ಗೊತ್ತಾಗುತ್ತೆ. ದಾರ ಬರ್ತಾ ಇದ್ರೆ ಒಳ್ಳೇ ಸುದ್ದಿ, ಕಾಲುವೆ ತೆರ್ಕೊಳ್ತಿದೆ ಅಂತ.

ನೀರು ಬಣ್ಣ ಆದಾಗೆಲ್ಲ ಬದಲಾಯ್ಸಿ. ರಾತ್ರಿ ಇಟ್ಟು ಬೆಳಗ್ಗೆ ನೋಡಿ. ಐಡ್ರಾಪರ್ ಆದ್ರೆ ಮೈ ಬಿಚ್ಚಿ, ಕತ್ತಿನ ಹಿಂದೆ (ಬರೆಯೋವಾಗ ನಾವು ಬೆರಳು ಇಡೋ ಭಾಗವನ್ನ ನಾನು ಕತ್ತು ಅಂತೀನಿ, ಪುಸ್ತಕದವರು ಸೆಕ್ಷನ್ ಅಂತಾರೆ) ರಬ್ಬರ್ ಬಲ್ಬು ಇಟ್ಟು ನೀರು ಒತ್ತಿ, ಮೂರ್ನಾಲ್ಕು ಸಲ. ಏರೋಮೆಟ್ರಿಕ್ ಆದ್ರೆ ಪಟ್ಟಿ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡ್ತಾ ಇರಿ, ಪಾರ್ಕರ್ 51ರಲ್ಲಿ ಒಳಗೆ ಇಂಕು ಹಿಡಿದಿಡೋ ಜಾಗ ಜಾಸ್ತಿ, ಎರಡು ಮೂರು ದಿನ ಬಿಟ್ಟೂ ಬಿಟ್ಟೂ ಮಾಡ್ಬೇಕಾಗುತ್ತೆ, ಬೇಜಾರಾಗ್ಬೇಡಿ.

ಎರಡು ದಿನ ಆದ್ರೂ ಬಣ್ಣ ಬರ್ತಾನೇ ಇದ್ರೆ, ಹತ್ತು ಪಾಲು ನೀರಿಗೆ ಒಂದು ಪಾಲು ಮನೆಬಳಕೆ ಅಮೋನಿಯ, ಒಂದೇ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್, ಅದರಲ್ಲಿ ನಿಬ್ ಭಾಗ ಹದಿನೈದು ನಿಮಿಷ, ಆಮೇಲೆ ಚೆನ್ನಾಗಿ ಬರೀ ನೀರು. ಕಿಟಕಿ ತೆಗೆದಿಟ್ಕೊಳ್ಳಿ, ಬ್ಲೀಚಿಂಗ್ ಜೊತೆ ಮಾತ್ರ ಯಾವತ್ತೂ ಸೇರಿಸ್ಬೇಡಿ, ವಿಷದ ಗಾಳಿ ಬರುತ್ತೆ. ಹಿತ್ತಾಳೆ, ಅಲ್ಯೂಮಿನಿಯಂ ಭಾಗಕ್ಕೂ ಅಮೋನಿಯ ತಾಗಿಸ್ಬೇಡಿ.

ಎಬೊನೈಟ್ ಪೆನ್ನಿಗೆ ಬಿಸಿನೀರು ಯಾಕೆ ಬೇಡ ಅಂದ್ರೆ ನಾನೇ ಅನುಭವಿಸಿದೀನಿ. ಶುರುವಲ್ಲಿ ಒಂದು ಕಪ್ಪಗೆ ಹೊಳೀತಿದ್ದ ಪೆನ್ನನ್ನ ಬಿಸಿನೀರಲ್ಲಿ ಇಟ್ಟು ಕಾಫಿ ಕುಡಿಯೋಕೆ ಹೋದೆ, ಬರೋಷ್ಟ್ರಲ್ಲಿ ನೀರಲ್ಲಿದ್ದ ಅರ್ಧ ಮಾತ್ರ ಸಗಣಿ ಬಣ್ಣ. ಇವತ್ತಿಗೂ ಹಾಗೇ ಇದೆ, ಬರೆಯೋದೇನೋ ಚೆನ್ನಾಗೇ ಬರೆಯುತ್ತೆ.

ಹಂತ 4: ಬರೆದು ನೋಡಿ

ಒಣಗಿಸಿ, ಇಂಕ್‌ನಲ್ಲಿ ನಿಬ್ ಅದ್ದಿ ನಾಲ್ಕು ಸಾಲು ಬರೀರಿ. ಚೆನ್ನಾಗಿ ಬಂದ್ರೆ ತುಂಬಿ ಬರೀರಿ. ಅದೂ ಸರಿ ಇದ್ರೆ ಇಲ್ಲಿಗೇ ನಿಲ್ಸಿ, ಮುಂದಿನ ಹಂತ ನಿಮಗೆ ಬೇಡ, ಕೈ ಸುಮ್ನಿರಲ್ಲ ಅಂತ ಬಿಚ್ಚೋಕೆ ಹೋಗ್ಬೇಡಿ.

ಹಂತ 5: ಕತ್ತು ಬಿಚ್ಚೋದು (ಚೀಲದ ಪೆನ್ನಿಗೆ ಮಾತ್ರ)

ಹೆಚ್ಚು ಪೆನ್ನು ಒಡೆಯೋದು ಇಲ್ಲೇ. ಲಿವರ್ ಪೆನ್ನಲ್ಲಿ ಒಳಗಿನ ರಬ್ಬರ್ ಚೀಲ ಒಣಗಿ ಹಪ್ಪಳ ಆಗಿರುತ್ತೆ, ಕಿವಿ ಹತ್ರ ಅಲ್ಲಾಡಿಸಿದ್ರೆ ಗಿರಗಿಟ್ಲೆ ಥರ ಸದ್ದು ಬರುತ್ತೆ. ಲಿವರ್ ಎತ್ತೋಕೆ ಹೋಗ್ಲೇಬೇಡಿ, ಕಲ್ಲಾಗಿರೋ ಚೀಲದ ಮೇಲೆ ಒತ್ತಿದ್ರೆ ಮುರಿಯೋದು ಲಿವರ್ರೇ.

ಕತ್ತು ಮೈಗೆ ಕೂರೋ ಜಾಗಕ್ಕೆ ಹೇರ್ ಡ್ರೈಯರ್ ಬಿಸಿಗಾಳಿ ಕೊಡಿ, ಒಂದು ಗೇಣು ದೂರದಿಂದ, ಪೆನ್ನನ್ನ ರೊಟ್ಟಿ ಸುಟ್ಟ ಹಾಗೆ ತಿರುಗಿಸ್ತಾ. ಹತ್ತು ಸೆಕೆಂಡಿಗೊಂದು ಸಲ ಬೆರಳಿಟ್ಟು ನೋಡಿ. ಬಿಸಿ ತಾಗ್ಬೇಕು, ಬೆರಳು ತೆಗೆಯೋ ಹಾಗಿರ್ಬಾರ್ದು. ಕತ್ತನ್ನ ಮೈಗೆ ಅಂಟಿಸಿರೋ ಅರಗು 60 ಡಿಗ್ರಿ ಆಸುಪಾಸಲ್ಲಿ ಮೆತ್ತಗಾಗುತ್ತೆ, ಅದಕ್ಕಿಂತ ಜಾಸ್ತಿ ಹೋದ್ರೆ ಸೆಲ್ಯುಲಾಯ್ಡ್ ಸೊಟ್ಟಗಾಗುತ್ತೆ. ಗ್ಯಾಸ್ ಸ್ಟವ್, ಲೈಟರ್, ಮೇಣದಬತ್ತಿ ಇವೆಲ್ಲ ಬೇಡ, ಕರ್ಪೂರದ ಕಥೆ ಮೇಲೆ ಹೇಳಿದೀನಲ್ಲ.

ಸೈಕಲ್ ಟ್ಯೂಬ್ ತುಂಡು ಎರಡೂ ಕಡೆ ಸುತ್ತಿ ಹಿಡಿದು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗ್ಸಿ. ಕೆಲವು ಪೆನ್ನು ತಿರುಪು, ಕೆಲವು ಬರೀ ಒತ್ತಿ ಕೂರಿಸಿದ್ದು. ಎರಡರಲ್ಲೂ ತಿರುಗ್ಸೋದೇ ಸರಿ, ತಿರುಗಿಸ್ದೆ ಪಕ್ಕಕ್ಕೆ ಅಲ್ಲಾಡಿಸಿ ಎಳೆದ್ರೆ ಮೈಯ ಬಾಯಿ ಸೀಳುತ್ತೆ, ಸೀಳಿದ್ದಕ್ಕೆ ಮನೇಲಿ ಮದ್ದಿಲ್ಲ. ಬರ್ಲಿಲ್ವಾ, ಬಿಟ್ಟು ಟೀ ಕುಡಿದು ಬಂದು ಮತ್ತೆ ಬಿಸಿ ಮಾಡಿ. ಐದಾರು ಸಲ ಮಾಡಿದ್ಮೇಲೆ ಒಂದು ಸಣ್ಣ ಟಕ್ ಅನ್ನುತ್ತೆ, ಆಮೇಲೆ ಬೆಣ್ಣೆ. ನಂದೊಂದು ಪೆನ್ನು ಮೂರು ಭಾನುವಾರ ತಗೊಂಡಿದೆ.

ಹಂತ 6: ಚೀಲ ಹಾಕೋದು

ಹಳೇ ಚೀಲದ ಚೂರೆಲ್ಲ ಟೂತ್‌ಪಿಕ್ಕಲ್ಲಿ ಕೆರೆದು ತೆಗೀರಿ. ಕತ್ತಿನ ಹಿಂದೆ ಒಂದು ಸಣ್ಣ ಮೊಳಕೆ ಥರ ಇರುತ್ತೆ, ಚೀಲ ಕೂರೋದು ಅಲ್ಲಿ, ಅದನ್ನ ಪೂರ್ತಿ ಕ್ಲೀನ್ ಮಾಡಿ. ಮೈಯ ಒಳಗೆ ಟಾರ್ಚ್ ಬಿಟ್ಟು, ಲಿವರ್ ಎತ್ತಿದಾಗ ಚೀಲಾನ ಒತ್ತೋ ಪಟ್ಟಿ ಇದ್ಯಾ, ತುಕ್ಕು ಹಿಡಿದು ಮುರಿದಿದ್ಯಾ ನೋಡಿ, ಈಗ ಲಿವರ್ ಎತ್ತಿ ನೋಡ್ಬಹುದು.

ಸೈಜು ಹೇಗೆ ಅಂತ ಕೇಳ್ತಾರೆ. ಚೀಲದ ನಂಬರ್ ಅಂದ್ರೆ ಇಂಚಿನ 64ನೇ ಭಾಗದ ಲೆಕ್ಕ. 16 ನಂಬರ್ ಅಂದ್ರೆ 64ರಲ್ಲಿ 16, ಅಂದ್ರೆ ಕಾಲಿಂಚು, ಸುಮಾರು 6.35 ಮಿಲಿಮೀಟರ್ ದಪ್ಪ. ಮೈಯೊಳಗೆ ಬಿಟ್ರೆ ತಾನಾಗೇ ಜಾರಿ ಇಳೀಬೇಕು, ಬಗ್ಗಿಸಿದ್ರೆ ತಾನಾಗೇ ಜಾರಿ ಬೀಳ್ಬೇಕು, ಅಂಥದ್ರಲ್ಲಿ ಎಷ್ಟು ದಪ್ಪದ್ದಾಗುತ್ತೋ ಅಷ್ಟು. ಇಂಕ್ ಜಾಸ್ತಿ ಹಿಡೀಲಿ ಅಂತ ಬಿಗಿ ಚೀಲ ತುರುಕಿದ್ರೆ ಪಟ್ಟಿಗೆ ಒತ್ತೋಕೆ ಜಾಗನೇ ಇರಲ್ಲ. ಉದ್ದ ಮೈಯ ತಳ ಮುಟ್ಟೋಕೆ ಸ್ವಲ್ಪ ಮುಂಚೆ ನಿಲ್ಲೋ ಹಾಗೆ ಕತ್ತರಿಸಿ, ತಳ ಮುಟ್ಟಿ ಮಡಚ್ಕೊಂಡ್ರೆ ತುಂಬಲ್ಲ.

ಮೊಳಕೆಗೆ ತೆಳ್ಳಗೆ ಅರಗು ಹಚ್ಚಿ, ಚೀಲ ಅಗಲಿಸಿ ಏರ್ಸಿ, ಸೊಟ್ಟ ಇದ್ರೆ ತಕ್ಷಣ ನೇರ ಮಾಡಿ. ಒಂದು ರಾತ್ರಿ ಮುಟ್ಬೇಡಿ. ಬೆಳಗ್ಗೆ ಚೀಲದ ಮೇಲೆ ಸ್ವಲ್ಪ ಟಾಲ್ಕ್ ಸವರಿ ಒಳಗೆ ಬಿಡಿ, ವಾಸನೆ ಇರೋ ಪೌಡರ್ ಬೇಡ, ಬರೀ ಟಾಲ್ಕ್.

ಅರಗೇ ಯಾಕೆ, ಫೆವಿಕ್ವಿಕ್ ಹಾಕಿದ್ರೆ ಗಟ್ಟಿ ಅಲ್ವಾ ಅಂದ್ರೆ, ಗಟ್ಟಿ ಆಗ್ಬಾರ್ದು ಅಂತಾನೇ ಅರಗು. ಚೀಲ ಮತ್ತೆ ಹೋಗೇ ಹೋಗುತ್ತೆ, ಆಗ ನಿಮ್ಮ ಮಗನೋ ಮಗಳೋ ಬಿಚ್ಚೋ ಹಾಗಿರ್ಬೇಕು.

ಪಾರ್ಕರ್ 51ರ ಏರೋಮೆಟ್ರಿಕ್ (1948ರಿಂದ ಬಂದಿದ್ದು) ಇದ್ರೆ ಚೀಲ ಬದಲಾಯ್ಸೋಕೆ ಹೋಗ್ಬೇಡಿ, ಅದು ರಬ್ಬರಲ್ಲ ಪಿವಿಸಿ, ಬಹಳಷ್ಟು ಪೆನ್ನಲ್ಲಿ ಇವತ್ತಿಗೂ ಗಟ್ಟಿಮುಟ್ಟಾಗಿದೆ. ಅದಕ್ಕಿಂತ ಹಳೇ 51, 1941ರಲ್ಲಿ ಮಾರ್ಕೆಟ್ಟಿಗೆ ಬಂದಿದ್ದು, ಒಳಗೆ ರಬ್ಬರ್ ಪೊರೆ ಇರೋ ವ್ಯಾಕ್ಯೂಮ್ಯಾಟಿಕ್. ಅದಕ್ಕೆ ಬೇರೆ ಟೂಲ್ ಬೇಕು, ಶೀಫರ್ ಕಂಪ್ನಿಯ ಸ್ನಾರ್ಕೆಲ್‌ಗೂ ಅಷ್ಟೇ. ಮೊದಲ ಪೆನ್ನಿಗೇ ಇವನ್ನ ಬಿಚ್ಬೇಡಿ, ಗೊತ್ತಿರೋರ ಕೈಗೆ ಕೊಡಿ.

ಹಂತ 7: ಐಡ್ರಾಪರ್ ಕಕ್ಕೋದು

ಎರಡು ಥರ. ತಿರುಪಿನ ಹತ್ರ ಜಿನುಗಿ ಬೆರಳಿಗೆ ಅಂಟುತ್ತೆ ಅಂದ್ರೆ ತಿರುಪಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ ಮುಚ್ಚಿ. ವ್ಯಾಸಲೀನ್ ಬೇಡ, ಅದು ಪೆಟ್ರೋಲಿಯಂ ಜಾತಿ, ರಬ್ಬರ್ ರಿಂಗು ಚೀಲ ಎಲ್ಲಾ ಹಾಳು ಮಾಡುತ್ತೆ.

ನಿಬ್ಬಿಂದ ಇದ್ದಕ್ಕಿದ್ದಂಗೆ ತೊಟ್ಟು ಬೀಳುತ್ತೆ ಅಂದ್ರೆ ಅದು ಪೆನ್ನಿನ ತಪ್ಪಲ್ಲ. ಇಂಕು ಕಡಿಮೆ ಆದ ಹಾಗೆ ಒಳಗೆ ಗಾಳಿ ಜಾಸ್ತಿ ಆಗುತ್ತೆ, ಕೈ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನ ಹೊರಗೆ ತಳ್ಳುತ್ತೆ. ಏಪ್ರಿಲಲ್ಲಿ ಜೇಬಲ್ಲಿ ಇಟ್ಕೊಂಡು ಬೆಂಗಳೂರು ಬಸ್ಸಲ್ಲಿ ನಿಂತ್ಕೊಂಡು ಹೋದ್ರೆ ಕಕ್ದೆ ಇನ್ನೇನು ಮಾಡುತ್ತೆ. ಮೂರರಲ್ಲಿ ಒಂದು ಭಾಗ ಉಳಿದಾಗಲೇ ಮತ್ತೆ ತುಂಬಿ, ಜೇಬಲ್ಲಿ ನಿಬ್ ಮೇಲೆ ಇರ್ಲಿ, ಅಷ್ಟೇ ಪರಿಹಾರ.

ಹಂತ 8: ನಿಬ್ಬು

ಮೊದ್ಲು ಕೇಳೋ ಪ್ರಶ್ನೆ, ಚಿನ್ನಾನಾ ಅಂತ. 14 ಕ್ಯಾರೆಟ್ ಅಂತಲೋ 585 ಅಂತಲೋ ಕೆತ್ತಿದ್ರೆ ಹೌದು. ಇರಿಡಿಯಂ ಪಾಯಿಂಟ್ ಅಂತ ಮಾತ್ರ ಇದ್ರೆ ಅದು ತುದೀಲಿರೋ ಗಟ್ಟಿ ಲೋಹದ ಗುಂಡಿಗೆ ಇಟ್ಟ ಹೆಸ್ರು, ನಿಬ್ಬು ಬಹುತೇಕ ಸ್ಟೀಲೇ. ಚಿನ್ನ ಆದ್ರೂ ತೂಕ ಏನೂ ಇರಲ್ಲ, ಕೋಲಾರದ ಗಣಿ ಸಿಕ್ತು ಅಂತ ಅಕ್ಕಸಾಲಿ ಹತ್ರ ಓಡ್ಬೇಡಿ.

ಕೆರೆಯುತ್ತೆ ಅಂದ್ರೆ ಲೂಪಲ್ಲಿ ತುದೀನ ನೇರ ಮುಂದಿಂದ ನೋಡಿ. ಸೀಳಿನ ಎರಡು ಕಡೆಯ ಕಾಲುಗಳು ಒಂದೇ ಮಟ್ಟದಲ್ಲಿ ಇರ್ಬೇಕು. ನೂರಕ್ಕೆ ತೊಂಬತ್ತು ಸಲ ಒಂದು ಕಾಲು ಕೂದಲಷ್ಟು ಮೇಲೆ ಇರುತ್ತೆ, ಅದೇ ಕೆರೆತ. ಮೇಲಿರೋದನ್ನ ಉಗುರಲ್ಲಿ ಮೆತ್ತಗೆ ಕೆಳಗೆ ಒತ್ತಿ ಎರಡು ಸೆಕೆಂಡ್ ಹಿಡಿದು ಬಿಡಿ, ಮತ್ತೆ ನೋಡಿ, ಮತ್ತೆ ಒತ್ತಿ. ಅಷ್ಟೇ ಕೆಲ್ಸ, ಆದ್ರೆ ಇಪ್ಪತ್ತು ಸಲ ಮಾಡ್ಬೇಕು.

ಉಜ್ಜೋದು ಕಟ್ಟಕಡೆಗೆ. ಸ್ಕೂಲಲ್ಲಿ ನಾವೆಲ್ಲ ಬೆಂಕಿಪೊಟ್ಟಣದ ಪಕ್ಕಕ್ಕೂ ಕಡಪ ಕಲ್ಲಿಗೂ ನಿಬ್ ತೀಡಿದೋರೇ, ಎರಡು ರೂಪಾಯಿ ನಿಬ್ಬಿಗೆ ನಡೀತಿತ್ತು, ಇದಕ್ಕೆ ಬೇಡ. 12000 ನಂಬರಿನ ಮೈಕ್ರೋಮೆಶ್ (ತುಂಬಾ ನುಣುಪಾದ ಉಜ್ಜುಕಾಗದದ ಥರದ್ದು) ಪಟ್ಟಿ ಮೇಲೆ ಒಂದು ಹನಿ ನೀರು, ಬರೆಯೋ ಕೋನದಲ್ಲೇ ಹಿಡಿದು ಇಂಗ್ಲಿಷ್ ಎಂಟು ಐದಾರು ಸಲ ಬರೀರಿ, ತೊಳೆದು ಪೇಪರ್ ಮೇಲೆ ನೋಡಿ. ಆ ಗುಂಡಿ ಸವೆದ್ರೆ ಮತ್ತೆ ಬೆಳೆಯಲ್ಲ.

ನಿಬ್ಬಿಗೂ ನಾಲಿಗೆಗೂ ಮಧ್ಯೆ ಬೆಳಕು ಕಾಣೋಷ್ಟು ಸಂದು ಇದ್ರೆ ಇಂಕು ಇಳಿಯಲ್ಲ. ನಾಲಿಗೆ ಎಬೊನೈಟ್ ಆಗಿದ್ರೆ ಮಾತ್ರ, ನಿಬ್ ತುದಿ ಭಾಗ ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ, ಹೊರಗೆ ತೆಗೆದು ನಾಲಿಗೇನ ಹೆಬ್ಬೆರಳಲ್ಲಿ ನಿಬ್ಬಿಗೆ ಒತ್ತಿ ಹಿಡಿದು ತಣ್ಣಗಾಗೋಕೆ ಬಿಡಿ. ಕತ್ತು ನೀರಿಗೆ ತಾಗ್ಬಾರ್ದು, ಸಗಣಿ ಬಣ್ಣ ನೆನಪಿದ್ಯಲ್ಲ.

ಹಂತ 9: ಹೊಳಪು

ಇದರಲ್ಲಿ ನಾನು ಸ್ವಲ್ಪ ಹಳೇ ಕಾಲದೋನು, ಹೊಳಪು ಕಡಿಮೆ ಇದ್ರೇನೇ ಚೆಂದ. ಒಣಗಿರೋ ಹಳೇ ಮೆತ್ತನೆ ಪಂಚೇಲಿ ಉಜ್ಜಿದ್ರೆ ಸಾಕು. ಪಾಲಿಶ್ ಪೇಸ್ಟ್ ಹಚ್ಚಿ ತಿಕ್ಕಿದ್ರೆ ಮೈ ಮೇಲೆ ಕೆತ್ತಿರೋ ಕಂಪ್ನಿ ಹೆಸ್ರು, ಕೆಲವು ಸಲ ತಾತನ ಹೆಸ್ರೇ, ಅಳಿಸಿ ಹೋಗುತ್ತೆ. ಕ್ಯಾಪಿಗೆ ಹುಣಸೆಹಣ್ಣು, ಪಾತ್ರೆ ಪುಡಿ ಹಾಕಿ ತಿಕ್ಕೋ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಹಿತ್ತಾಳೆ ಚೊಂಬಲ್ಲ ಅದು, ಮೇಲೆ ಇರೋದು ತೆಳ್ಳನೆ ಗಿಲೀಟು, ಒಂದೇ ತಿಕ್ಕಿಗೆ ಹೋಗುತ್ತೆ. ಪೆನ್ನನ್ನ ಅಮ್ಮನ ಕೈಗೆ ಕೊಡೋ ಮೊದ್ಲು ಇದನ್ನ ಹೇಳಿ.

ಹಂತ 10: ಇಂಕು, ಮತ್ತೆ ಒಂದು ರಾತ್ರಿ ಪರೀಕ್ಷೆ

ಸ್ಟೇಷನರಿ ಅಂಗಡೀಲಿ ಸಿಗೋ ಮಾಮೂಲಿ ರಾಯಲ್ ಬ್ಲೂ ಹಾಕಿ, ಅದು ತೊಳೆದ್ರೆ ಬಿಡುತ್ತೆ. ಡ್ರಾಯಿಂಗಿಗೆ ಬಳಸೋ ಇಂಡಿಯನ್ ಇಂಕು ಹಾಕ್ಲೇಬೇಡಿ, ಅದರಲ್ಲಿ ಅರಗು ಮತ್ತೆ ಮಸಿ ಪುಡಿ ಇರುತ್ತೆ, ಒಣಗಿದ್ರೆ ಕಾಲುವೆಗೆ ಸಿಮೆಂಟ್ ಹಾಕ್ದಂಗೆ. ತಾತನ ಪೆನ್ನಿನ ಜೊತೆ ಹಳೇ ಇಂಕ್ ಬಾಟ್ಲೂ ಸಿಕ್ಕಿದ್ರೆ ಅದು ಶೋಕೇಸಿಗೆ, ಪೆನ್ನಿಗಲ್ಲ.

ತುಂಬಿದ್ಮೇಲೆ ಕ್ಯಾಪ್ ಹಾಕಿ, ಟಿಶ್ಯೂ ಇಟ್ಟ ಲೋಟದಲ್ಲಿ ನಿಬ್ ಕೆಳಗೆ ಮಾಡಿ ರಾತ್ರಿ ನಿಲ್ಸಿ. ಬೆಳಗ್ಗೆ ಕ್ಯಾಪ್ ತೆಗೆದು ಒಳಗೆ ಟಿಶ್ಯೂ ಸುರುಳಿ ತೂರ್ಸಿ ನೋಡಿ. ಒದ್ದೆ ಇದ್ರೆ ಐಡ್ರಾಪರ್‌ಗೆ ಹಂತ 7, ಚೀಲದ ಪೆನ್ನಿಗೆ ಹಂತ 6, ಮತ್ತೆ ಶುರು. ಒಣಗಿದ್ರೆ ಜೇಬಿಗೆ ಸಿಕ್ಕಿಸ್ಕೊಂಡು ಹೊರಡಿ, ಮೊದಲ ದಿನ ಬಿಳೀ ಶರ್ಟ್ ಮಾತ್ರ ಬೇಡ.